ಮ್ಯೂಸಿಯಂ ನೋಡೋಕೆ ರಾಜಸ್ಥಾನಕ್ಕೇ ಹೋಗ್ಬೇಕಾ? ಶಿರವಾಳದ ಆಸುಪಾಸಲ್ಲೇ ಏನೇನಿದೆ ನೋಡಿ

ಶಹಾಪುರ: ರಜೆ ಹತ್ತಿರ ಬಂತಂದ್ರೆ ಸಾಕು, ರಾಜಸ್ಥಾನ ಟೂರ್ ಪ್ಯಾಕೇಜ್‌ಗಳ ಮೆಸೇಜು ಮೊಬೈಲ್‌ಗೆ ಬರಲು ಶುರುವಾಗುತ್ತವೆ. ಜೈಪುರದಲ್ಲಿ 1887ರಲ್ಲಿ ತೆರೆದ ಆಲ್ಬರ್ಟ್ ಹಾಲ್ ಮ್ಯೂಸಿಯಂ, ಅದರೊಳಗಿನ ಈಜಿಪ್ಟಿನ ಮಮ್ಮಿ, ಜೋಧಪುರದ ಮೆಹ್ರಾನ್‌ಗಢ ಕೋಟೆಯ ಪಲ್ಲಕ್ಕಿ, ಕತ್ತಿಗಳು ನೋಡುವಂಥವೇ. ದುಡ್ಡು, ಸಮಯ ಎರಡೂ ಇದ್ದವರು ಹೋಗಿ ಬರಲಿ.

ಆದರೆ ಅದೇ ರಾಜಸ್ಥಾನದಲ್ಲಿ ಟೂರ್ ಬಸ್ಸುಗಳು ಅಷ್ಟಾಗಿ ಹೋಗದ ಇನ್ನೊಂದು ಮ್ಯೂಸಿಯಂ ಇದೆ. ಹನುಮಾನಗಢ ಜಿಲ್ಲೆಯ ಕಾಲಿಬಂಗನ್ ಎಂಬ ಊರಲ್ಲಿ 1960ರ ದಶಕದಲ್ಲಿ ನೆಲ ಅಗೆದಾಗ ಹರಪ್ಪಾ ಕಾಲದ ಪಟ್ಟಣ ಸಿಕ್ಕಿತು. 1983ರಲ್ಲಿ ಅಲ್ಲೇ ಮ್ಯೂಸಿಯಂ ಆಯ್ತು. ಮಣ್ಣಲ್ಲಿ ಸಿಕ್ಕ ಬಳೆ, ಮುದ್ರೆ, ಮಡಕೆಗಳನ್ನು ಸಿಕ್ಕ ಜಾಗದ ಪಕ್ಕದಲ್ಲೇ ಇಟ್ಟಿದ್ದಾರೆ. ಇದಕ್ಕೆ ಸೈಟ್ ಮ್ಯೂಸಿಯಂ ಅಂತಾರೆ. ವಸ್ತು ಮತ್ತು ಊರು ಎರಡನ್ನೂ ಒಟ್ಟಿಗೆ ನೋಡಬಹುದು ಎಂಬುದೇ ಇದರ ಲಾಭ.

ಶಿರವಾಳದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ರಾಷ್ಟ್ರಕೂಟ, ಚಾಲುಕ್ಯರ ಕಾಲದ ಗುಡಿಗಳು, ಮೂರ್ತಿಗಳು, ಶಾಸನದ ಕಲ್ಲುಗಳು ಇರೋ ಊರು ಇದು. ಇಲ್ಲಿ ಗ್ಲಾಸ್ ಕಪಾಟಿಲ್ಲ, ಟಿಕೆಟ್ ಕೌಂಟರ್ ಇಲ್ಲ. ಊರೇ ಮ್ಯೂಸಿಯಂ, ಕಾವಲೂ ಊರವರದ್ದೇ.

ನಮ್ಮ ವಸ್ತು ಎಲ್ಲೆಲ್ಲಿವೆ?

ಭೀಮೆ ದಾಟಿದರೆ ಚಿತ್ತಾಪುರ ತಾಲ್ಲೂಕಿನ ಸನ್ನತಿ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ದೇವಿ ಮೂರ್ತಿಯ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ ಅಂತ ಗೊತ್ತಾಯ್ತು. ಎರಡು ಸಾವಿರ ವರ್ಷಕ್ಕೂ ಹಳೆಯ ಬರಹ ಅಷ್ಟು ಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು. ಅದರ ಒಂದು ಕೆತ್ತನೆಯಲ್ಲಿ ರಾಜ, ರಾಣಿ ಇದ್ದಾರೆ. ಕೆಳಗೆ ಬ್ರಾಹ್ಮಿ ಲಿಪಿಯಲ್ಲಿ ಅಶೋಕನ ಹೆಸರೇ ಇದೆ. ಶಿರವಾಳ ಕಡೆಯವರಿಗೆ ಇದು ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ಬರುವಷ್ಟು ಸಮೀಪ.

ಕಲಬುರಗಿಯ ಸರ್ಕಾರಿ ಮ್ಯೂಸಿಯಂ ಸೇಡಂ ರಸ್ತೆ ಕಡೆ ಹಳೆಯ ಗುಮ್ಮಟದ ಕಟ್ಟಡಗಳಲ್ಲಿದೆ. ಸನ್ನತಿಯ ಕೆತ್ತನೆ ಕಲ್ಲುಗಳು ಅಲ್ಲೂ ಇವೆ. ಮಕ್ಕಳಿಗೆ ಮೊದಲು ಸನ್ನತಿ ತೋರಿಸಿ, ಆಮೇಲೆ ಇಲ್ಲಿಗೆ ಕರ್ಕೊಂಡು ಹೋದರೆ ಯಾವ ಕಲ್ಲು ಎಲ್ಲಿಂದ ಬಂತು ಅಂತ ತಾವೇ ಹೇಳ್ತಾರೆ.

ಹುಣಸಗಿ ಭಾಗದ ಇಸಾಂಪುರದ ಕಥೆ ಬೇರೆ. ಅಲ್ಲಿ ಆದಿಮಾನವ ಕಲ್ಲಿನ ಆಯುಧ ತಯಾರಿಸುತ್ತಿದ್ದ ಜಾಗವನ್ನು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಅವರ ತಂಡ ಅಗೆದು ನೋಡಿತು. ಸುಮಾರು 12 ಲಕ್ಷ ವರ್ಷ ಹಳೆಯದು ಅಂತ ಲೆಕ್ಕ ಹಾಕಿದ್ದಾರೆ. ಜಗತ್ತಿನ ಪುರಾತತ್ವದ ಪುಸ್ತಕಗಳಲ್ಲಿ ಈ ಊರಿನ ಹೆಸರಿದೆ. ಆದರೆ ಹುಣಸಗಿ ಸಂತೆಗೆ ಬರುವ ಎಷ್ಟು ಜನರಿಗೆ ಇದು ಗೊತ್ತು?

ಒಂದು ದಿನ ಹೆಚ್ಚಿಗೆ ಇದ್ದವರು ವಿಜಯಪುರಕ್ಕೆ ಹೋಗಬಹುದು. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲೇ ಮ್ಯೂಸಿಯಂ ಇದೆ. ಹೈದರಾಬಾದಿಗೆ ವ್ಯಾಪಾರಕ್ಕೆ ಹೋಗುವ ಅಂಗಡಿಯವರು ಸಾಲಾರ್ ಜಂಗ್ ಮ್ಯೂಸಿಯಂಗೆ ಅರ್ಧ ದಿನ ಇಟ್ಟುಕೊಳ್ಳಿ. 1951ರಲ್ಲಿ ತೆರೆದದ್ದು. ತಾಸಿಗೊಮ್ಮೆ ಗಂಟೆ ಬಾರಿಸುವ ಗೊಂಬೆ ಗಡಿಯಾರದ ಮುಂದೆ ಈಗಲೂ ಜನ ಸೇರ್ತಾರೆ. 1948ರವರೆಗೆ ಶಹಾಪುರ, ಸುರಪುರ ಎರಡೂ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು. ಹಾಗಾಗಿ ಅಲ್ಲಿನ ದರ್ಬಾರಿನ ವಸ್ತುಗಳು ನಮಗೂ ಸಂಬಂಧಪಟ್ಟವೇ.

ಅಂಗಡಿಯವರು ಗಮನಿಸಬೇಕಾದ್ದು

ಹೊಲ ಉಳುವಾಗ, ಪಾಯ ತೋಡುವಾಗ ಹಳೆಯ ನಾಣ್ಯ, ತಾಮ್ರದ ಹಾಳೆ, ಮೂರ್ತಿ ಸಿಗೋದು ಈ ಭಾಗದಲ್ಲಿ ಹೊಸದಲ್ಲ. ಅದನ್ನು ಮೋಡಕಾ ಅಂಗಡಿಗೆ ತೂಕಕ್ಕೆ ಹಾಕಿದರೆ ಕೆಲವೇ ನೂರು ರೂಪಾಯಿ ಸಿಗಬಹುದು, ಊರಿನ ಇತಿಹಾಸದ ಒಂದು ಪುಟವೇ ಕರಗಿ ಹೋಗುತ್ತದೆ. ಯಾವ ಹೊಲದಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತು ಅನ್ನೋ ಮಾಹಿತಿ ಹೋಯ್ತಂದ್ರೆ ವಸ್ತು ಉಳಿದರೂ ಅರ್ಧ ಬೆಲೆ ಹೋದಂತೆ.

ಕಾನೂನೂ ಬಿಡುವುದಿಲ್ಲ. ನೆಲದಲ್ಲಿ ಹೂತಿದ್ದ ಬೆಲೆಬಾಳುವ ವಸ್ತು ಸಿಕ್ಕರೆ 1962ರ ಕರ್ನಾಟಕ ಟ್ರೆಷರ್ ಟ್ರೋವ್ ಕಾಯ್ದೆ ಪ್ರಕಾರ ಜಿಲ್ಲಾಡಳಿತಕ್ಕೆ ತಿಳಿಸಬೇಕು. ತಿಳಿಸಿದವರಿಗೆ ಪರಿಹಾರಕ್ಕೂ ಅವಕಾಶ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ 100 ವರ್ಷಕ್ಕಿಂತ ಹಳೆಯ ಮೂರ್ತಿ, ನಾಣ್ಯಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ದೇಶದ ಹೊರಗೆ ಕಳಿಸುವಂತೆಯೇ ಇಲ್ಲ. ಯಾರಾದರೂ ಗಿರಾಕಿ ಹಳೆಯ ಮೂರ್ತಿ ತಂದು ರೇಟು ಕೇಳಿದರೆ ಕೈಗೆ ತಗೊಳ್ಳದೆ ತಹಶೀಲ್ದಾರ್ ಕಚೇರಿಗೋ ಪೊಲೀಸ್ ಠಾಣೆಗೋ ತಿಳಿಸೋದೇ ಒಳ್ಳೇದು.

ಶಾಸನದ ಕಲ್ಲಿನ ಮೇಲೆ ಬಟ್ಟೆ ಒಗೆಯೋದು, ಅಕ್ಷರಕ್ಕೆ ಸುಣ್ಣ ಬಳಿಯೋದು, ಎಣ್ಣೆ ಬಣ್ಣ ಹಚ್ಚೋದು ಬೇಡ. ಅಕ್ಷರ ಒಮ್ಮೆ ಅಳಿಸಿತಂದ್ರೆ ಮತ್ತೆ ಓದಲು ಬರುವುದಿಲ್ಲ. ಫೋಟೋ ತೆಗೆದು ಶಾಲೆಯ ಮೇಷ್ಟ್ರಿಗೆ ತೋರಿಸಿ. ಕಲ್ಲು ಇದ್ದಲ್ಲೇ ಇರಲಿ.

ಹೊರಡುವ ಮುಂಚೆ

ವಿಜಯಪುರದ ಗೋಳಗುಮ್ಮಟ ಮ್ಯೂಸಿಯಂ ಮತ್ತು ಸಾಲಾರ್ ಜಂಗ್ ಎರಡಕ್ಕೂ ಶುಕ್ರವಾರ ರಜೆ. ಕಲಬುರಗಿಗೆ ಹೋಗುವವರು ಸರ್ಕಾರಿ ರಜಾದಿನ ನೋಡಿಕೊಂಡು ಹೊರಡಿ. ಸನ್ನತಿಗೆ ಬೇಸಿಗೆಯಲ್ಲಿ ಹೋಗುವುದಾದರೆ ಬೆಳಿಗ್ಗೆ 10ರೊಳಗೆ ಮುಟ್ಟಿ, ನೀರು ಜೊತೆಗಿರಲಿ. ಶಿರವಾಳದ ಗುಡಿಗಳಿಗೆ ಬಂದವರು ಊರ ಹಿರಿಯರೊಬ್ಬರನ್ನು ಜೊತೆಗೆ ಕರ್ಕೊಳ್ಳಿ. ಯಾವ ಕಲ್ಲು ಎಲ್ಲಿತ್ತು, ಯಾವಾಗ ಸರಿಸಿದರು ಅನ್ನೋದು ಅವರ ನೆನಪಲ್ಲಿ ಇನ್ನೂ ಇದೆ. ಅದನ್ನು ಮಕ್ಕಳು ಈಗಲೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟರೆ, ನಾಳೆ ಇಲ್ಲೂ ಕಾಲಿಬಂಗನ್ ಥರ ಮ್ಯೂಸಿಯಂ ಆದಾಗ ಮೊದಲು ಬೇಕಾಗೋದು ಅದೇ.