ನೀಲಿಯ ನೆರೆಹೊರೆ

ವ್ಯಾಖ್ಯೆಯನ್ನು ಬೇಗ ಮುಗಿಸಿಬಿಡೋಣ. ವಸ್ತುವಿನ ಅಂಚಿನ ಗೆರೆಗಿಂತ ಅದರ ಮೇಲೆ ಬಿದ್ದ ಬೆಳಕು ಕಣ್ಣಿಗೆ ಕಂಡ ಬಗೆಯೇ ಮುಖ್ಯ ಎಂದ ಚಿತ್ರಕಾರರು ಇಂಪ್ರೆಷನಿಸ್ಟರು. 1874ರ ಏಪ್ರಿಲ್‌ನಲ್ಲಿ, ಸರ್ಕಾರಿ ಮನ್ನಣೆಯ ಕಲಾಪ್ರದರ್ಶನ 'ಸಲೋನ್' ಬಿಟ್ಟು, ಛಾಯಾಗ್ರಾಹಕ ನಾಡಾರ್‌ನ ಹಳೆಯ ಸ್ಟುಡಿಯೋದಲ್ಲಿ ತಾವೇ ಪ್ರದರ್ಶನ ಹೂಡಿದರು. ಅವರಲ್ಲೊಬ್ಬನಾದ ಮೊನೆಯ ಒಂದು ಚಿತ್ರದ ಹೆಸರು ಹಿಡಿದು ಪತ್ರಕರ್ತನೊಬ್ಬ ಗೇಲಿ ಮಾಡಿದ. ಆ ಗೇಲಿಯೇ ಪಂಥದ ಹೆಸರಾಯಿತು.

ಅಲ್ಲಿ ತೂಗುಹಾಕಿದ್ದ ರೆನ್ವಾರ್‌ನ ಚಿತ್ರಗಳಲ್ಲೊಂದು 'ಲಾ ಪ್ಯಾರಿಸಿಯೆನ್', ಅಂದರೆ ಪ್ಯಾರಿಸಿನಾಕೆ. ಒಂದೂವರೆ ಮೀಟರ್ ದಾಟಿದ ಎತ್ತರ. ನೀಲಿ ಉಡುಪು, ನೀಲಿ ಟೋಪಿ, ನಿರಿಗೆಯ ಅಂಚಿನಲ್ಲಿ ಇಣುಕುವ ಕರಿ ಬೂಟಿನ ತುದಿ. ರೂಪದರ್ಶಿ ಆನ್ರಿಯೆಟ್ ಆನ್ರಿಯೊ, ರಂಗನಟಿ. ಆದರೆ ಶೀರ್ಷಿಕೆಯಲ್ಲಿ ಅವಳ ಹೆಸರಿಲ್ಲ. ಭಾವಚಿತ್ರವೇ ಇದು? ನನ್ನ ಮಟ್ಟಿಗೆ ಇದು ಉಡುಪಿನ ಭಾವಚಿತ್ರ. ರೆನ್ವಾರ್ ದರ್ಜಿಯ ಮಗ ಎಂಬುದನ್ನು ಮರೆಯಬೇಡಿ.

ಈಗ ಎಲ್ಲರೂ ಎಡವುವ ಜಾಗಕ್ಕೆ, ಇಂಥ ನೀಲಿ ತನ್ನ ಪಕ್ಕದ ಬಣ್ಣಕ್ಕೆ ಏನು ಮಾಡುತ್ತದೆ ಎಂಬುದಕ್ಕೆ ಬರೋಣ. ಪ್ಯಾರಿಸಿನ ಗೊಬ್ಲಾಂ ನೇಯ್ಗೆಶಾಲೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಷೆವ್ರೆಲ್‌ಗೆ ಒಂದು ದೂರು ಬಂತು: ನೀಲಿ, ನೇರಳೆ ಬಟ್ಟೆಯ ನೆರಿಗೆ ತೋರಿಸಲು ಹಾಕಿದ ಕಪ್ಪು ದಾರಕ್ಕೆ ಕಸುವಿಲ್ಲ. ಅವನು ಬೇರೆ ಕಡೆಯ ಕಪ್ಪು ಉಣ್ಣೆ ತರಿಸಿ ಹೋಲಿಸಿದ. ಬಣ್ಣದಲ್ಲಿ ಕುಂದಿರಲಿಲ್ಲ, ತಪ್ಪು ಪಕ್ಕದ ನೀಲಿಯದು! ಒಂದು ಬಣ್ಣದ ಪಕ್ಕದಲ್ಲಿ ಕೂತದ್ದಕ್ಕೆ ಆ ಬಣ್ಣದ ಎದುರಾಳಿಯ, ಎಂದರೆ ನೀಲಿಗೆ ಹಳದಿಯಂಥ ವಿರುದ್ಧ ಬಣ್ಣದ, ಛಾಯೆ ಹತ್ತಿದಂತೆ ನಮ್ಮ ಕಣ್ಣಿಗೆ ಕಾಣುತ್ತದೆ. 1839ರಲ್ಲಿ ಅವನು ಇದನ್ನು ದಪ್ಪ ಪುಸ್ತಕವಾಗಿಸಿದ.

'ಹಾಗಾದರೆ ಬಣ್ಣಗಳು ಒಂದಕ್ಕೊಂದು ಬೆರೆಯುತ್ತವೆಯೇ?' ಪ್ರತಿ ಸಲವೂ ಈ ಪ್ರಶ್ನೆ ಬರುತ್ತದೆ. ಇಲ್ಲ, ಯಾವುದೂ ಬೆರೆತಿಲ್ಲ. ಕೆಂಪು ಕೊಡೆ ಹಿಡಿದವರ ಮುಖ ಕೆಂಪಾಗುವುದು ಬೇರೆ: ಅಲ್ಲಿ ನಿಜವಾಗಿಯೂ ಕೆಂಪು ಬೆಳಕು ಮುಖಕ್ಕೆ ಬೀಳುತ್ತದೆ. ಷೆವ್ರೆಲ್ ಹೇಳಿದ್ದು ನೋಡುವವರೊಳಗೆ ಮಾತ್ರ ನಡೆಯುವ ಆಟ. ಎರಡೂ ರೆನ್ವಾರ್‌ನ ಈ ಚಿತ್ರದಲ್ಲಿವೆ. ಕಲಾವಿದ ಸಿನ್ಯಾಕ್ 1898ರಲ್ಲಿ ಇದನ್ನು ಕಂಡು ದಿನಚರಿಯಲ್ಲಿ ಗುರುತಿಸಿಕೊಂಡ: ಆ ಗಾಢ ನೀಲಿಯ ಎದುರು ಮೈಬಣ್ಣ ಹಳದಿಯಾಗಿ ತೋರುತ್ತದೆ, ನೀಲಿಯ ಪ್ರತಿಫಲನದಿಂದ ಹಸಿರಾಗುತ್ತದೆ. ಒಂದು ಕೆನ್ನೆ, ಎರಡು ಕಾರಣ. ಎಂಥ ಕಣ್ಣು!

ಹಿನ್ನೆಲೆ ಖಾಲಿ. ಮೊದಲು ಹಾಗಿರಲಿಲ್ಲ. ಎಡಕ್ಕೆ ಬಾಗಿಲು, ಬಲಕ್ಕೆ ಪರದೆ ಇದ್ದದ್ದು ವೈಜ್ಞಾನಿಕ ತಪಾಸಣೆಯಲ್ಲಿ ಕಂಡಿದೆ. ರೆನ್ವಾರ್ ಎರಡನ್ನೂ ಬಣ್ಣ ಬಳಿದು ಮುಚ್ಚಿದ. ನೀಲಿಯ ಸುತ್ತ ಬೇರೆ ನೆಂಟರು ಬೇಡವಾಗಿದ್ದರೇನೋ.

ಚಿತ್ರ ಈಗ ವೇಲ್ಸಿನ ಕಾರ್ಡಿಫ್ ಸಂಗ್ರಹಾಲಯದಲ್ಲಿದೆ. ಅಲ್ಲಿಗೆ ಹೋಗಲಾಗದಿದ್ದರೆ ಒಂದೇ ಬೂದು ಕಾಗದದಿಂದ ಎರಡು ಚೂರು ಕತ್ತರಿಸಿ. ಒಂದನ್ನು ನೀಲಿ ಹಾಳೆಯ ಮೇಲಿಡಿ, ಇನ್ನೊಂದನ್ನು ಹಳದಿಯ ಮೇಲೆ. ಅರ್ಧ ನಿಮಿಷ ನೋಡಿ. ಆಮೇಲೆ ದಯವಿಟ್ಟು ರೆನ್ವಾರ್‌ಗಿಂತ ಮೊದಲು ಷೆವ್ರೆಲ್‌ನನ್ನು ಓದಿ.