‘ಯು’ ರೇಖೆ ಮತ್ತು ಪರದೇಶದ ಮನೆಯಲ್ಲಿ ಮೊದಲ ವಾರ

ವಿನಿಮಯ ಕಾರ್ಯಕ್ರಮದಲ್ಲಿ ಪರದೇಶಕ್ಕೆ ಹೊರಡುವ ವಿದ್ಯಾರ್ಥಿಗಳಿಗೆ ಕೊಡುವ ತಿಳಿವಳಿಕೆಯಲ್ಲಿ ಒಂದು ರೇಖಾಚಿತ್ರ ಬಹಳ ಸಲ ಕಾಣಿಸಿಕೊಳ್ಳುತ್ತದೆ. ಅಡ್ಡ ಅಕ್ಷದಲ್ಲಿ ಕಾಲ, ಲಂಬ ಅಕ್ಷದಲ್ಲಿ ನೆಮ್ಮದಿ. ಮೊದಲು ಸಂಭ್ರಮ, ಕೆಲವು ತಿಂಗಳ ನಂತರ ಕುಸಿತ, ಆಮೇಲೆ ನಿಧಾನವಾಗಿ ಏರಿಕೆ. ಇಂಗ್ಲಿಷಿನ ‘ಯು’ ಅಕ್ಷರದ ಆಕಾರ. ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಯ ಸಂಖ್ಯಾಶಾಸ್ತ್ರ ಪಾಠಕ್ಕೆ ಪೂರಕ ಉದಾಹರಣೆಯಾಗಿ ಇದನ್ನೇ ಆರಿಸಿಕೊಂಡೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಮಿಸ್, ನೆಮ್ಮದಿಗೆ ಯೂನಿಟ್ ಯಾವುದು?” ಎಂದಳು. ವಿಜ್ಞಾನ ಓದಿದವರು ತಪ್ಪಿಸಿಕೊಳ್ಳಲಾಗದ ಪ್ರಶ್ನೆ ಅದು.

ಈ ರೇಖೆಯ ಮೂಲ 1955ರಲ್ಲಿ ಪ್ರಕಟವಾದ ಸ್ವೆರೆ ಲಿಸ್‌ಗಾರ್ಡ್ ಅವರ ಅಧ್ಯಯನ. ಫುಲ್‌ಬ್ರೈಟ್ ನೆರವಿನಿಂದ ಅಮೆರಿಕಕ್ಕೆ ಹೋಗಿಬಂದಿದ್ದ ಸುಮಾರು 200 ನಾರ್ವೇಜಿಯನ್ನರನ್ನು ಅವರು ವಿಚಾರಿಸಿದರು. ಆರು ತಿಂಗಳಿಗಿಂತ ಕಡಿಮೆ ಇದ್ದವರು ಚೆನ್ನಾಗಿ ಹೊಂದಿಕೊಂಡಿದ್ದರು, ಹದಿನೆಂಟು ತಿಂಗಳಿಗಿಂತ ಹೆಚ್ಚು ಇದ್ದವರೂ ಹಾಗೆಯೇ. ನಡುವಿನ ಅವಧಿಯವರಿಗೆ ಕಷ್ಟವಾಗಿತ್ತು. ಗಮನಿಸಬೇಕಾದದ್ದು ಇಲ್ಲಿದೆ: ರೇಖೆಯ ಮೂರು ಭಾಗಗಳು ಮೂರು ಬೇರೆ ಬೇರೆ ಗುಂಪಿನ ಜನ. ಒಬ್ಬನೇ ವ್ಯಕ್ತಿಯನ್ನು ತಿಂಗಳಿಂದ ತಿಂಗಳಿಗೆ ಹಿಂಬಾಲಿಸಿದ್ದಲ್ಲ. ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳ ಎತ್ತರವನ್ನು ಒಂದೇ ದಿನ ಅಳೆದು, ಒಂದು ಮಗು ಮೂರು ವರ್ಷದಲ್ಲಿ ಹೇಗೆ ಬೆಳೆಯಿತೆಂದು ಹೇಳಿದ ಹಾಗೆ. ಕೆಲವೊಮ್ಮೆ ಸರಿ ಬರಬಹುದು, ಬಾರದೆಯೂ ಇರಬಹುದು.

ಕೊಲೀನ್ ವಾರ್ಡ್ ಮತ್ತು ಸಂಗಡಿಗರು 1998ರಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ನ್ಯೂಜಿಲೆಂಡಿಗೆ ಬಂದ ಜಪಾನಿನ ವಿದ್ಯಾರ್ಥಿಗಳ ಚಿಕ್ಕ ಗುಂಪೊಂದನ್ನು ಬಂದ ದಿನದಿಂದ ಒಂದು ವರ್ಷದವರೆಗೆ ಹಿಂಬಾಲಿಸಿದರು. ಪ್ರಶ್ನಾವಳಿಯ ಅಂಕಗಳೇ ಅಲ್ಲಿನ ಮಾನ. ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಅದು ಅರ್ಧ ಉತ್ತರ. ಸಂಭ್ರಮದ ಆರಂಭ ಅಲ್ಲಿ ಕಾಣಲಿಲ್ಲ, ಬಂದಿಳಿದ ಹೊತ್ತಿನಲ್ಲೇ ಸಂಕಟ ಅತಿ ಹೆಚ್ಚಾಗಿತ್ತು.

ಯಾವ ರೇಖೆಯನ್ನು ನಂಬುತ್ತೇವೆ ಎಂಬುದರ ಮೇಲೆ ಹಿರಿಯರ ನಡವಳಿಕೆ ನಿಂತಿದೆ. ಮೊದಲ ತಿಂಗಳು ಹೇಗೂ ಖುಷಿಯಾಗಿರುತ್ತಾನೆಂದು ಭಾವಿಸಿದರೆ ಹುಡುಗನ ಮೌನವನ್ನು ಬರೀ ಆಯಾಸವೆಂದು ಬಿಟ್ಟುಬಿಡುತ್ತೇವೆ. ಆದರೆ ಆತಿಥೇಯರ ಮನೆಯಲ್ಲಿ ಮೊದಲ ವಾರದ ಪ್ರಶ್ನೆಗಳು ಸಣ್ಣವು, ಕೇಳಲು ನಾಚಿಕೆಯಾಗುವಂಥವು. ಫ್ರಿಜ್ ತೆಗೆಯಲು ಅನುಮತಿ ಬೇಕೇ? ಬಚ್ಚಲಲ್ಲಿ ಎಷ್ಟು ಹೊತ್ತು ಇರಬಹುದು? ಇನ್ನೊಂದು ಸಲ ಬಡಿಸಿ ಎಂದು ಒತ್ತಾಯ ಮಾಡುವವರಿಲ್ಲದ ಊಟದ ಮೇಜಿನಲ್ಲಿ, ‘ಬೇಡ’ ಎಂದದ್ದು ನಿಜವಾಗಿಯೂ ಬೇಡವೇ ಆಗಿಬಿಡುತ್ತದೆ. ನಮ್ಮ ಕಡೆಯ ಮಕ್ಕಳು ಹಸಿದು ಮಲಗುವುದು ಇಂಥಲ್ಲಿಯೇ ಎಂದು ನನ್ನ ಅನಿಸಿಕೆ.

ಹಾಗಾದರೆ ಹಾಸ್ಟೆಲ್ ಬಿಟ್ಟು ಮನೆಯೇ ಏಕೆ? ಡೊನಾಲ್ಡ್ ವಾಟ್ 1932ರಲ್ಲಿ ಆರಂಭಿಸಿದ ‘ಎಕ್ಸ್‌ಪೆರಿಮೆಂಟ್ ಇನ್ ಇಂಟರ್‌ನ್ಯಾಷನಲ್ ಲಿವಿಂಗ್’ ಮನೆವಾಸವನ್ನೇ ಕಲಿಕೆಯ ವಿಧಾನ ಮಾಡಿಕೊಂಡಿತು. ಎ.ಎಫ್.ಎಸ್. ಸಂಸ್ಥೆಯ ಹುಟ್ಟು ಇನ್ನೂ ಕುತೂಹಲದ್ದು. ಎರಡು ಮಹಾಯುದ್ಧಗಳಲ್ಲಿ ಗಾಯಾಳುಗಳನ್ನು ಸಾಗಿಸಿದ ಅಮೆರಿಕದ ಸ್ವಯಂಸೇವಕ ಆಂಬುಲೆನ್ಸ್ ಚಾಲಕರ ಸಂಘ, 1947ರಿಂದ ಹೈಸ್ಕೂಲು ವಿದ್ಯಾರ್ಥಿಗಳ ವಿನಿಮಯಕ್ಕೆ ತಿರುಗಿತು.

ಆದರೆ ಒಂದೇ ಸೂರಿನಡಿ ಇದ್ದ ಮಾತ್ರಕ್ಕೆ ಪೂರ್ವಗ್ರಹ ಕರಗುವುದಿಲ್ಲ. ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ನಾಲ್ಕು ಷರತ್ತುಗಳನ್ನು ಹೇಳಿದರು: ಸಮಾನ ಸ್ಥಾನ, ಸಮಾನ ಗುರಿ, ಸಹಕಾರ, ಅಧಿಕಾರಸ್ಥರ ಬೆಂಬಲ. ಮನೋವಿಜ್ಞಾನದ ಪತ್ರಿಕೆಗೆ ನಾವು ಇದನ್ನು ಬಾಯಿಪಾಠ ಮಾಡುತ್ತೇವೆ. ಮನೆವಾಸಕ್ಕೆ ಹೊಂದಿಸಿ ನೋಡಿದರೆ ಅರ್ಥ ಬೇಗ ಹತ್ತುತ್ತದೆ. ಅತಿಥಿಯಾಗಿ ಸೋಫಾದ ಮೇಲೆ ಕೂತವನಿಗೆ ಸಮಾನ ಸ್ಥಾನವಿಲ್ಲ. ಪಾತ್ರೆ ತೊಳೆಯುವ ಸರದಿಯಲ್ಲಿ ಅವನ ಹೆಸರೂ ಇದ್ದರೆ ಇದೆ. ಮನೆಗೆಲಸ ಹಂಚಿಕೊಳ್ಳಬೇಕೆಂದು ಈ ಕಾರ್ಯಕ್ರಮಗಳು ಹೇಳುವುದನ್ನು ಕೇಳಿ ‘ದುಡಿಸಿಕೊಳ್ಳುತ್ತಾರೆ’ ಎಂದು ಆತಂಕಪಡುವ ಪೋಷಕರಿಗೆ ಇದನ್ನು ವಿವರಿಸುವುದು ಶಿಕ್ಷಕರ ಕೆಲಸ. ಸರದಿ ಎಲ್ಲರಿಗೂ ಇದೆಯೇ ಎಂದು ವಿಚಾರಿಸುವುದೂ ಅವರದೇ ಕೆಲಸ.

ಖರ್ಚಿನ ಮಾತು ಬಂದರೆ ಪಟ್ಟಿ ಚಿಕ್ಕದಾಗುತ್ತದೆ. ಅಮೆರಿಕ ಸರ್ಕಾರ 2002ರಲ್ಲಿ ಆರಂಭಿಸಿದ ‘ಯೆಸ್’ ಕಾರ್ಯಕ್ರಮದಂತೆ ಪೂರ್ತಿ ವಿದ್ಯಾರ್ಥಿವೇತನ ಕೊಡುವವು ಕಡಿಮೆ.

ಪರದೇಶದ ಮಾತು ನಮಗೆ ದೂರ ಎನ್ನುವವರು ನವೋದಯ ವಿದ್ಯಾಲಯಗಳನ್ನು ನೋಡಬಹುದು. ಅಲ್ಲಿ ಒಂಬತ್ತನೇ ತರಗತಿಯ ಶೇ. 30ರಷ್ಟು ಮಕ್ಕಳು ಹಿಂದಿ ಮತ್ತು ಹಿಂದಿಯೇತರ ಪ್ರದೇಶಗಳ ನಡುವೆ ಒಂದು ವರ್ಷ ಅದಲುಬದಲಾಗುವ ಯೋಜನೆ ಇದೆ. ಮನೆಯ ಬದಲು ಹಾಸ್ಟೆಲ್, ದೇಶದ ಬದಲು ರಾಜ್ಯ. ಮೊದಲ ವಾರ ಮಾತ್ರ ಅದೇ. ಮರಳಿದ ಮೇಲೂ ಹೊಂದಾಣಿಕೆಯ ಎರಡನೆಯ ಕುಸಿತ ಬರಬಹುದೆಂದು ಗುಲಾಹಾರ್ನ್ ದಂಪತಿ 1963ರಲ್ಲಿ ‘ಯು’ವನ್ನು ‘ಡಬ್ಲ್ಯು’ ಮಾಡಿದ್ದರು. ಒಂದು ವರ್ಷ ಬೇರೆ ಊಟ, ಬೇರೆ ಭಾಷೆಯಲ್ಲಿದ್ದು ಬಂದ ಈ ಮಗು ನೇರವಾಗಿ ಕೂರುವುದು ಹತ್ತನೇ ತರಗತಿಯಲ್ಲಿ, ಬೋರ್ಡ್ ಪರೀಕ್ಷೆಯ ವರ್ಷದಲ್ಲಿ. ಆ ಜೂನ್ ತಿಂಗಳಲ್ಲಿ ತರಗತಿ ಶಿಕ್ಷಕರು ಮೊದಲು ಕೇಳುವುದು ಸಾಮಾನ್ಯವಾಗಿ ಬಾಕಿ ಉಳಿದ ಪಾಠಗಳ ಪಟ್ಟಿಯನ್ನು.