ಉತಾರಾ ಆನ್‌ಲೈನ್ ಆಯ್ತು, ಹೆಸರಿನ ತೊಡಕು ಉಳೀತು

ಜತ್ತ: ‘ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ, ನಾಳೆ ಬರ್ರಿ’ ಎಂಬ ಮಾತು ಕೇಳದ ರೈತ ಗಡಿಭಾಗದಲ್ಲಿ ಸಿಗುವುದು ಅಪರೂಪ. ಹೊಲ ಖರೀದಿ ಮಾಡಿದ ಮೇಲೆ, ಇಲ್ಲವೇ ಮನೆಯ ಹಿರಿಯರು ತೀರಿಕೊಂಡ ಮೇಲೆ ಸಾತ್‌ಬಾರಾ ಉತಾರಾದಲ್ಲಿ ಹೆಸರು ಏರಿಸಲು ಚಾವಡಿಗೆ ಹತ್ತಾರು ಸಲ ಅಲೆಯಬೇಕಿತ್ತು. ಆ ಅಲೆದಾಟ ತಪ್ಪಿಸಲು ಮಹಾರಾಷ್ಟ್ರ ಸರ್ಕಾರ ತಂದದ್ದೇ ‘ಈ-ಫೇರಫಾರ್’ ತಂತ್ರಾಂಶ.

ಕಾಗದದ ದಾರಿ

ಉಪನೋಂದಣಿ ಕಚೇರಿಯಲ್ಲಿ ಖರೀದಿ ಪತ್ರವಾದರೆ ಅದರ ಮಾಹಿತಿ ಕಂಪ್ಯೂಟರಿನಲ್ಲೇ ತಹಸೀಲ್ ಕಚೇರಿಗೆ, ಅಲ್ಲಿಂದ ತಲಾಠಿಗೆ ಹೋಗುತ್ತದೆ. ತಲಾಠಿ ಫೇರಫಾರ್ ನೋಂದಿಸಿ ನೋಟಿಸು ಕೊಡುತ್ತಾರೆ. ತಕರಾರಿಗೆ 15 ದಿನ ಅವಕಾಶ. ತಕರಾರು ಬಾರದಿದ್ದರೆ ಮಂಡಲ ಅಧಿಕಾರಿ ಮಂಜೂರು ಮಾಡುತ್ತಾರೆ, ಉತಾರಾ ಬದಲಾಗುತ್ತದೆ. ತಕರಾರು ಬಂದರೆ ವಿಚಾರಣೆ.

ವಾರಸಾ ಅರ್ಜಿಯನ್ನು ‘ಈ-ಹಕ್ಕ’ ಮೂಲಕ ಮನೆಯಿಂದಲೇ ಹಾಕಬಹುದು. 2018ರಿಂದ ಡಿಜಿಟಲ್ ಸಹಿಯ ಉತಾರಾವೂ ಸಿಗುತ್ತಿದೆ. ಶುಲ್ಕ 15 ರೂಪಾಯಿ. ಆಚೆ ಕರ್ನಾಟಕದಲ್ಲಿ ಇಂಥದೇ ಕೆಲಸಕ್ಕೆ ‘ಭೂಮಿ’ ತಂತ್ರಾಂಶ ಮೊದಲೇ ಬಂದಿತ್ತು. ಮೊದಲು ಬಂದ ಅರ್ಜಿ ಮೊದಲು ವಿಲೇವಾರಿ ಆಗಬೇಕು, ಬೆರಳಚ್ಚು ಕೊಟ್ಟ ಸಿಬ್ಬಂದಿಯೇ ದಾಖಲೆ ಮುಟ್ಟಬೇಕು ಎಂಬ ಕಟ್ಟಳೆ ಅದರಲ್ಲಿತ್ತು.

ಕನ್ನಡ ಹೆಸರಿನ ಪೇಚು

ಆದರೆ ಕಂಪ್ಯೂಟರು ಹಾಕಿದ್ದನ್ನಷ್ಟೇ ಮುಂದೆ ಸಾಗಿಸುತ್ತದೆ. ಶಾಲೆ ದಾಖಲೆಯಲ್ಲಿ ‘ಮಲ್ಲಪ್ಪ’ ಇದ್ದವರು ಮರಾಠಿ ಉತಾರಾದಲ್ಲಿ ‘ಮಲ್ಲಾಪ್ಪಾ’ ಆಗಿರುತ್ತಾರೆ, ಆಧಾರ್‌ನಲ್ಲಿ ಮತ್ತೊಂದು ಸ್ಪೆಲ್ಲಿಂಗು. ಇಬ್ಬರೂ ಒಬ್ಬರೇ ಎಂದು ತೋರಿಸೋ ಕೆಲಸ ರೈತನ ತಲೆ ಮೇಲೇ ಬೀಳುತ್ತದೆ. ಬರಹದ ತಪ್ಪು ತಿದ್ದಿಸಲು ಮಹಾರಾಷ್ಟ್ರ ಜಮೀನು ಮಹಸೂಲ್ ಸಂಹಿತೆ 1966ರ ಕಲಂ 155ರಡಿ ಅರ್ಜಿ ಹಾಕಬೇಕು.

ಇನ್ನೊಂದು ಪೇಚು ಮರಣ ದಾಖಲೆಯದು. ಸಾವು ನೋಂದಣಿ ಆಗುವುದು ಸಾವು ಸಂಭವಿಸಿದ ಊರಿನಲ್ಲಿ. ಉಪಚಾರಕ್ಕೆ ವಿಜಯಪುರಕ್ಕೆ ಹೋದವರು ಅಲ್ಲೇ ತೀರಿಕೊಂಡರೆ ದಾಖಲೆ ಗಡಿಯಾಚೆಯಿಂದಲೇ ಪಡೆಯಬೇಕು.

ಹೆಣ್ಣುಮಕ್ಕಳ ಪಾಲು

ಎಲ್ಲಕ್ಕಿಂತ ದೊಡ್ಡ ಮಾತು ಹೆಣ್ಣುಮಕ್ಕಳದು. ಗಡಿಯಾಚೆ ಇಂಡಿ, ಅಥಣಿ ಕಡೆ ಕೊಟ್ಟ ಮಗಳೂ ವಾರಸುದಾರಳೇ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಆಕೆಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಅಣ್ಣ-ತಮ್ಮಂದಿರು ಆಕೆಯ ಹೆಸರು ಬಿಟ್ಟು ಅರ್ಜಿ ಹಾಕಿದರೆ ತಂತ್ರಾಂಶಕ್ಕೆ ಅದು ತಿಳಿಯುವುದಿಲ್ಲ. ಊರಲ್ಲಿ ವಿಚಾರಿಸಿ ತಿಳಿಯಬೇಕಾದವರು ತಲಾಠಿಯೇ. ನೋಟಿಸು ಮರಾಠಿಯಲ್ಲಿ, ಮಗಳು ಇರೋದು ಕರ್ನಾಟಕದಲ್ಲಿ. 15 ದಿನ ಕಳೆದದ್ದು ಆಕೆಗೆ ಗೊತ್ತೇ ಆಗಲಿಕ್ಕಿಲ್ಲ.

ಅರ್ಜಿಯಲ್ಲಿ ಎಲ್ಲ ವಾರಸುದಾರರ ಹೆಸರು ಬಂದಿವೆಯೇ, ಸ್ಪೆಲ್ಲಿಂಗು ಆಧಾರ್‌ಗೆ ಹೊಂದುತ್ತದೆಯೇ, ನೋಟಿಸಿನಲ್ಲಿ ಗಟ್ ನಂಬರು ಸರಿಯಿದೆಯೇ ಎಂದು ಮರಾಠಿ ಬಲ್ಲವರಿಂದ ಓದಿಸಿ ನೋಡಿಕೊಳ್ಳುವುದು ಒಳ್ಳೆಯದು. ಮಂಜೂರಾದ ಮೇಲೆ ಅಪೀಲಿಗೆ ಹೋಗಬೇಕಾದರೆ ಮತ್ತೆ ಅದೇ ಅಲೆದಾಟ.